ಹಿಂದಿನ ಸೈನಿಕನ ಮುಖ

ಕ್ಯೋಟೋ, ಭಾನುವಾರ, ೧೨ ಮಾರ್ಚ್ ೨೦೦೦

ತೀರ್ಥರೂಪ ಅಪ್ಪನವರಿಗೆ ನೀರಜಾಳ ನಮಸ್ಕಾರಗಳು.

ಕ್ಷೇಮವೆಂದು ಬರೆಯಲಾರೆ. ಇದನ್ನು ನಮ್ಮ ವಿಭಾಗದಿಂದ ಜಯಮ್ಮನವರ ಎಸ್‌ಟಿಡಿ ಬೂತಿಗೆ ಫ್ಯಾಕ್ಸ್ ಮಾಡುತ್ತಿದ್ದೇನೆ. ಓದಿದ ಕೂಡಲೇ ಅಲ್ಲಿಂದಲೇ ಉತ್ತರ ಕಳಿಸಿ. ನಾನು ಈ ಯಂತ್ರದ ಮುಂದೆಯೇ ಕೂತಿರುತ್ತೇನೆ.

ಇಲ್ಲಿ ಅಸಿರಿಯದ ಅರಮನೆಯ ಗೋಡೆಯದೊಂದು ಉಬ್ಬುಶಿಲ್ಪದ ತುಂಡಿದೆ. ಗಾಳಿ ತುಂಬಿದ ಮೇಕೆಯ ಚರ್ಮವನ್ನು ಅವುಚಿಕೊಂಡು ಇಬ್ಬರು ಸೈನಿಕರು ಒಬ್ಬರ ಹಿಂದೊಬ್ಬರು ಹೊಳೆ ದಾಟುತ್ತಿದ್ದಾರೆ. ಅದರ ಅಚ್ಚು ತೆಗೆಯುತ್ತೇನೆ, ವೀರಗಲ್ಲುಗಳ ಅಚ್ಚು ತೆಗೆಯುವುದೇ ನಮ್ಮಪ್ಪನ ಕೆಲಸವಾಗಿತ್ತು, ಕಲ್ಲಿಗೆ ಏನೂ ಆಗುವುದಿಲ್ಲ ಎಂದು ನನ್ನ ಗೈಡ್ ಮೋರಿತಾ ಸೆನ್ಸೇಗೆ ನಾನೇ ಹೇಳಿದ್ದೆ. "ನಿಮ್ಮ ತಂದೆ ಕಲಿಸಿದ್ದಾದರೆ ಸರಿ" ಎಂದು ಬೀಗದಕೈ ಕೊಟ್ಟು ಅವರು ಟೋಕಿಯೋಗೆ ಹೋದರು.

ಬೆಳಿಗ್ಗೆ ನೀವು ಮಾಡುತ್ತಿದ್ದಂತೆಯೇ ಮಾಡಿದೆ. ಕಲ್ಲು ತೊಳೆದೆ, ಒದ್ದೆ ಕಾಗದ ಹೊದಿಸಿದೆ, ಬ್ರಷ್‌ನಿಂದ ಬಡಿದು ಕೂರಿಸಿ ಮಸಿ ಒತ್ತಿದೆ. ಇದು ನಮ್ಮ ಕಡೆಯ ಗಟ್ಟಿ ಕಲ್ಲಲ್ಲ, ಜಿಪ್ಸಂ, ನೀರು ತಾಗಬಾರದು ಎಂದು ನನಗೆ ಗೊತ್ತಿತ್ತು ಅಪ್ಪ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕೈಗಳು ಮಾತ್ರ ಮೈಸೂರಿನಲ್ಲೇ ಇದ್ದವು.

ಬೈಯುವುದಿದ್ದರೆ ಆಮೇಲೆ ಬೈಯಿರಿ. ಕಾಗದದ ಹಿಂಬದಿಗೆ ಅಂಟಿಕೊಂಡು ಬಂದಿರುವ ಕಲ್ಲಿನ ಬಿಳಿ ಪದರವನ್ನು ಬಿಡಿಸಿ ಮತ್ತೆ ಕಲ್ಲಿನ ಮೇಲೆ ಕೂರಿಸಲು ಆಗುತ್ತದೆಯೇ? ಕಾಗದವನ್ನು ಒಣಗಲು ಬಿಡಲೇ, ಒದ್ದೆಯಾಗಿಯೇ ಇಡಲೇ? ಅಷ್ಟಾದರೂ ಹೇಳಿ. ನಾಳೆ ಒಂಬತ್ತಕ್ಕೆ ಸೆನ್ಸೇ ಬರುತ್ತಾರೆ.

ಅಚ್ಚು ಬಹಳ ಚೆನ್ನಾಗಿ ಬಂದಿದೆ. ಹಿಂದಿನ ಸೈನಿಕನ ಮುಖ ಈಗ ಅದರಲ್ಲಿ ಮಾತ್ರ ಇದೆ.

ನಿಮ್ಮ ಮಗಳು,
ನೀರಜಾ