ಕುರ್ಚಿ ಹತ್ತಿದ ಡಾಕ್ಟ್ರು

ತಾಯಿಫ್
12-11-2025, ಬುಧವಾರ

ಪ್ರೀತಿಯ ಅಣ್ಣಾ,

ಅಸ್ಸಲಾಮು ಅಲೈಕುಂ. ಹೇಗಿದ್ದಿ? ಶುಗರಿನ ಮಾತ್ರೆ ಸರಿಯಾಗಿ ತಗೊಳ್ತಿದ್ದಿಯಾ, ಇಲ್ಲಾ ಅಂಗಡಿಯ ಖರ್ಜೂರವನ್ನೇ ಊಟ ಅಂತ ತಿಂದುಕೊಂಡಿದ್ದಿಯಾ? ನನ್ನ ಫೋನು ಎತ್ತುವುದಿಲ್ಲ, ವಾಟ್ಸಾಪಿನಲ್ಲಿ ಬ್ಲಾಕ್ ಮಾಡಿದ್ದಿ. ಹಾಗಾಗಿ ಎಷ್ಟೋ ವರ್ಷಗಳ ಮೇಲೆ ಕೂತು ಕಾಗದ ಬರೆಯುತ್ತಿದ್ದೇನೆ. ನಿಮ್ಮ ಹೊಫೂಫಿಗೆ ಖರ್ಜೂರದ ಲೋಡಿಗೆ ಬರುವ ಮುಸ್‌ಅಬ್‌ನ ಕೈಯಲ್ಲಿ ಕೊಡ್ತೇನೆ. ಅವನೇ ಹೇಳಿದ್ದು, ನಿನ್ನ ಕಾಲಿನ ಹೆಬ್ಬೆರಳಿನ ಗಾಯ ವಾಸಿಯಾಗುತ್ತಿಲ್ಲ, ಬಟ್ಟೆ ಸುತ್ತಿಕೊಂಡು ಅಂಗಡಿಯಲ್ಲಿ ಕೂತಿರ್ತಿ ಅಂತ. ಯಾವ ಡಾಕ್ಟ್ರಿಗೂ ತೋರಿಸಿಲ್ಲವಂತೆ. ನೀನು ನಮ್ಮ ಇವರ ಕೈಯದ್ದಲ್ಲದೆ ಬೇರೆ ಯಾವ ಡಾಕ್ಟ್ರ ಮದ್ದನ್ನೂ ತಿಂದವನಲ್ಲ, ನನಗೆ ಗೊತ್ತಿಲ್ಲವಾ? ನಮ್ಮನ್ನು ಹೆತ್ತ ಉಪ್ಪನ ಕಾಲು ತೆಗೆದದ್ದು ಇಂಥದ್ದೇ ಗಾಯದಿಂದ. ಕೇಳಿದಾಗಿನಿಂದ ಅದೇ ಯೋಚನೆ ಮಾರಾಯ. ಇವರಿಗೆ ಇನ್ನೂ ಹೇಳಿಲ್ಲ. ನಿನ್ನ ಹೆಸರು ಎತ್ತಿದರೆ ಎದ್ದು ಹೋಗ್ತಾರೆ.

ಇಲ್ಲಿ ಚಳಿ ಶುರುವಾಗಿದೆ. ಇವರು ಇಲ್ಲಿ ದುಡಿಯುವ ನಮ್ಮ ಊರಿನವರ ಸಂಘದ ಅಧ್ಯಕ್ಷರಾಗಿ ಎರಡು ವರ್ಷ ಆಯ್ತಲ್ಲ, ಮನುಷ್ಯ ಅರ್ಧ ಆಗಿದ್ದಾರೆ. ಕ್ಲಿನಿಕ್ಕಿನಿಂದ ಬಂದು ಚಾ ಕುಡಿಯುವಷ್ಟರಲ್ಲಿ ಬೆಲ್ಲು. ಮೊದಲು ಜ್ವರ, ಬೆನ್ನುನೋವು ಅಂತ ಬರುತ್ತಿದ್ದವರು ಈಗ ಇಲ್ಲಿರುವ ಪರವಾನಗಿ ಇಕಾಮಾ ಮುಗಿಯಿತು, ಕೆಲಸಕ್ಕೆ ಕರೆಸಿದ ಕಫೀಲ್ ಪಾಸ್‌ಪೋರ್ಟ್ ಕೊಡುವುದಿಲ್ಲ, ರೂಮಿನವನು ತೀರಿಹೋದ ಅಂತ ಬರುತ್ತಾರೆ. ಒಬ್ಬನ ಕೆಲಸ ಆದರೆ ಇನ್ನೊಬ್ಬನಿಗೆ ಸಿಟ್ಟು. ಸಂಜೆ ನಮ್ಮವರ ರೂಮುಗಳಿಗೆ ರೋಗಿಗಳನ್ನು ನೋಡಲಿಕ್ಕೆ ಹಿಡಿದುಕೊಂಡು ಹೋಗುತ್ತಿದ್ದ ಆ ಕಪ್ಪು ಮದ್ದಿನ ಬ್ಯಾಗು ಕಪಾಟಿನ ಮೇಲೆ ಧೂಳು ತಿನ್ನುತ್ತಿದೆ. ಸುಸ್ತು ಅಣ್ಣಾ. ಅವರಿಗೂ ಸುಸ್ತು, ನನಗೂ ಸುಸ್ತು. ಶುಕ್ರವಾರ ಮಹಾಸಭೆ ಉಂಟು, ಪುನಃ ಅವರನ್ನೇ ಕೂರಿಸ್ತಾರಂತೆ.

ಆ ಕುರ್ಚಿ ಮೊದಲು ನಿನ್ನದು. ನೀನು ಯಾರ ಮಾತೂ ಕೇಳುವುದಿಲ್ಲ ಅಂತ ಸಂಘದವರೆಲ್ಲ ಒಂದು ಶುಕ್ರವಾರ ನಮ್ಮ ಮನೆಗೆ ಬಂದು, ಡಾಕ್ಟ್ರೇ ನೀವೇ ಆಗಬೇಕು ಅಂತ ಪಟ್ಟು ಹಿಡಿದರು. ನಾನು ತುಪ್ಪದನ್ನ, ಕೋಳಿ ಸಾರು ಮಾಡಿ ಬಡಿಸಿದೆ. ತಂಗಿಯೇ ಅನ್ನ ಹಾಕಿ ನನ್ನನ್ನು ಇಳಿಸಿದಳು ಅಂತ ನೀನು ಹೇಳಿಕೊಂಡು ತಿರುಗಿದೆ, ತಾಯಿಫನ್ನೇ ಬಿಟ್ಟು ಹೋದೆ. ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸಲಿಕ್ಕೆ ಉಮ್ಮ ನಮಗೆ ಕಲಿಸಿದ್ದಾರಾ? ಆಗ ನೀನು ಬಂದಿದ್ದರೂ ತೊಡೆಯ ತುಂಡು ನಿನ್ನ ಬಟ್ಟಲಿಗೇ ಹಾಕುತ್ತಿದ್ದೆ.

ಮೊನ್ನೆ ನಮ್ಮ ಮರ್ಯಮ್‌ಗೆ ಶಾಲೆಯಲ್ಲಿ ಪ್ರಾಜೆಕ್ಟು, ಬೇರೆ ಕೆಲಸದಿಂದ ಬಂದು ದೇಶ ಆಳಿದವರ ಬಗ್ಗೆ. ಎಲ್ಲಿಂದಲೋ ಕೋಸ್ಟರಿಕಾದ ಮೊಂಟೆಅಲೆಗ್ರೆ ಅಂತ ಒಬ್ಬರನ್ನು ಹುಡುಕಿದಳು. ಸ್ಕಾಟ್ಲೆಂಡಿಗೆ ಹೋಗಿ ಡಾಕ್ಟ್ರಿಕೆ ಕಲಿತವರಂತೆ, ಮನೆಯವರದ್ದು ಕಾಫಿ ತೋಟ. 1859ರಲ್ಲಿ ಸೈನ್ಯದವರು ಇದ್ದ ಅಧ್ಯಕ್ಷನನ್ನು ಇಳಿಸಿ ಈ ಡಾಕ್ಟ್ರನ್ನು ಕೂರಿಸಿದರಂತೆ. ಇಳಿದವನು ಯಾರು ಗೊತ್ತುಂಟಾ? ಆ ಡಾಕ್ಟ್ರ ಹೆಂಡತಿಯ ಅಣ್ಣ. ಮರುವರ್ಷ ಅವನು ತಿರುಗಿ ಬಂದಾಗ ಹಿಡಿದು ಗುಂಡಿಕ್ಕಿದರಂತೆ, ಭಾವ ಕುರ್ಚಿಯಲ್ಲಿ ಇರುವಾಗಲೇ. ಕಡೆಗೆ ಆ ಡಾಕ್ಟ್ರೂ ದೇಶ ಬಿಟ್ಟು ಕ್ಯಾಲಿಫೋರ್ನಿಯಾದಲ್ಲಿ ತೀರಿಹೋದರು. ಹೆಂಡತಿ ಎಂತ ಮಾಡಿದಳು ಅಂತ ಕೇಳಿದೆ. "ಅಣ್ಣನನ್ನು ಇಳಿಸುವುದಕ್ಕೆ ಮೊದಲೇ ಅವಳು ತೀರಿಹೋಗಿದ್ದಳು ಉಮ್ಮಾ" ಅಂದಳು. ಬಚಾವಾದಳು ಅನ್ನಿಸಿತು. ನಾನು ಬದುಕಿದ್ದೇನೆ ಅಣ್ಣಾ, ಇಬ್ಬರನ್ನೂ ನೋಡ್ತಾ ಇದ್ದೇನೆ. ಇವರು ಎದುರಿಗೇ ಕೂತು ಎಲ್ಲ ಕೇಳಿಸಿಕೊಂಡರು.

ಯಾರಿಗಾದರೂ ಆ ಕಾಲು ತೋರಿಸು. ಅತ್ತಿಗೆಗೆ ಊರಿಗೆ ಫೋನ್ ಮಾಡುವಾಗ ನನ್ನ ಸಲಾಂ ಹೇಳು. ಮರ್ಯಮ್ ಯಾವಾಗಲೂ ಝುಬೈರ್ ಮಾಮ ಎಲ್ಲಿ ಅಂತ ನಿನ್ನನ್ನೇ ಕೇಳ್ತಾಳೆ. ಅಲ್ಲಾಹನು ನಿನ್ನನ್ನು ಕಾಪಾಡಲಿ.

ನಿನ್ನ ತಂಗಿ,
ಶಹನಾಝ್

ಗುರುವಾರ ಬೆಳಿಗ್ಗೆ, ಗಡಿಬಿಡಿಯಲ್ಲಿ: ಮುಸ್‌ಅಬ್‌ನ ಕೈಯಲ್ಲಿ ಕಳಿಸುವುದು ಬೇಡವಾಯಿತು. ತಡೆಯಲಿಕ್ಕೆ ಆಗದೆ ನಿನ್ನೆ ಇವರಿಗೆ ಗಾಯದ ವಿಷಯ ಹೇಳಿದೆ. "ಬೆರಳು ಕಪ್ಪಾಗಿದೆಯಂತಾ?" ಅಂತ ಒಂದೇ ಮಾತು ಕೇಳಿದರು. ಬೆಳಿಗ್ಗೆ ಎದ್ದು ನೋಡಿದರೆ ಕಪಾಟಿನ ಮೇಲಿನ ಬ್ಯಾಗು ಕೆಳಗೆ ಇಳಿದಿದೆ, ಒರೆಸಿ ಇಟ್ಟಿದ್ದಾರೆ. ನಾಳೆ ಸಭೆ ಅಲ್ವಾ ಅಂದೆ. "ಕುರ್ಚಿಗೆ ಬೇರೆ ಜನ ಸಿಗ್ತಾರೆ" ಅಂದರು. ಈ ಕಾಗದ ನಿನ್ನ ಕೈಗೆ ಕೊಟ್ಟು ಬಾಗಿಲಲ್ಲಿ ನಿಂತಿರುವುದು ಅವರೇ. ಇದರಲ್ಲಿ ಎಂತ ಬರೆದಿದ್ದೇನೆ ಅಂತ ಅವರಿಗೆ ಗೊತ್ತಿಲ್ಲ. ಅಷ್ಟು ದೂರ ಒಬ್ಬರೇ ಕಾರು ಓಡಿಸಿಕೊಂಡು ಬಂದಿದ್ದಾರೆ, ದಾರಿಯಲ್ಲಿ ಏನೂ ತಿಂದಿರುವುದಿಲ್ಲ. ಒಳಗೆ ಕರಿ. ಮೊದಲು ಕಾಲು ತೋರಿಸು. ಆಮೇಲೆ ಅವರಿಗೆ ಅನ್ನ ಹಾಕು.