ಶೇಂಗಾ ಸಿಪ್ಪೆಯ ಇದ್ದಿಲು

ಸದಾಶಿವ ಪೇಠ, ಪುಣೆ
ಸಂಕ್ರಾಂತಿಯ ಮರುದಿನ, ೧೯೪೪

ಚಿ. ಸೌ. ಸೊಸೆ ಗೋದಾಳಿಗೆ ಅತ್ತೆಯ ಆಶೀರ್ವಾದ.

ಯುದ್ಧದಿಂದಾಗಿ ಇಲ್ಲಿ ಇದ್ದಿಲು ಸಿಗುವುದಿಲ್ಲ. ನನ್ನ ತಂಗಿ ಇಂದೂ ಗಾಣದವರು ಎಸೆದ ಶೇಂಗಾ ಸಿಪ್ಪೆಯನ್ನು ಮುಚ್ಚಿದ ಡಬ್ಬಿಯಲ್ಲಿ ಸುಟ್ಟು, ಆ ಕರಿಯನ್ನು ಗಂಜಿಯಲ್ಲಿ ಕಲಸಿ ಉಂಡೆ ಕಟ್ಟಿ ಒಣಗಿಸುತ್ತಾಳೆ. ಒಲೆಗಿಟ್ಟರೆ ಹೊಗೆಯೇ ಇಲ್ಲ!

"ಗಂಜಿ ಅಂದ್ರ ಬೆಂದ ಅನ್ನದ ಮುಸುರಿ ಆತಲ್ಲ, ಮಡಿ ಅಡಿಗಿಗೆ ನಡಿಯೂದಿಲ್ಲ" ಎಂದೆ.

"ಹಂಗಿದ್ರ ಸಗಣಿ ಕಲಸೋಣ ಅಕ್ಕಾ, ಅದಕ್ಕ ನಿನ್ನ ದೇವರೂ ಒಲ್ಲೆ ಅನ್ನೂದಿಲ್ಲ" ಎಂದು ನಕ್ಕಳು.

ನಿನ್ನೆ ಹಾಗೆ ಸಗಣಿಯಲ್ಲಿ ಕಟ್ಟಿದ ಉಂಡೆಗಳ ಮೇಲೆಯೇ ಹಬ್ಬದ ನೈವೇದ್ಯ ಮಾಡಿದೆ. ಕಣ್ಣು ಉರಿಯಲಿಲ್ಲ, ಕೆಮ್ಮು ಬರಲಿಲ್ಲ. ಒಲೆಯ ಹೊಗೆಗೆ ಬರುವ ನಿನ್ನ ಕೆಮ್ಮನ್ನು ಕೆಲಸ ತಪ್ಪಿಸುವ ನೆವ ಎಂದಿದ್ದೆ, ತಪ್ಪಾಯಿತು. ಇಲ್ಲಿಯ ವೈದ್ಯರ ಔಷಧಿಗೆ ನನ್ನ ಮೊಣಕಾಲು ನೋವು ಇಳಿದಿದೆ; ಮುಂದಿನ ತಿಂಗಳು ಭಾರತ ಹುಣ್ಣಿಮೆಗೆ ಊರಿಗೆ ಬರುವೆ. ನಮ್ಮ ಹೊಲದ ಸಿಪ್ಪೆಯನ್ನು ತಿಪ್ಪೆಗೆ ಚೆಲ್ಲಬೇಡ, ಕೂಡಿಡು. ಅಲ್ಲಿಯವರೆಗೆ ನಿನ್ನ ಗಂಡನೇ ಮಡಿಯುಟ್ಟು ಒಲೆ ಊದಲಿ. ಅವ್ವ ಹೇಳಿದ್ದಾಳೆ ಎನ್ನು.

ಅಂಬಾ