ನೀಲಿ ಔಷಧಿ, ನಾಲ್ಕು ಮುಚ್ಚಳ

ಫೆಬ್ರವರಿ 8, ಶನಿವಾರ. ಬೆಳಿಗ್ಗೆ 7.10

ಕ್ಯಾರವಾನ್ ಒಳಗೆ ಅಂಟಿಸಿದ ರಸಮಟ್ಟದ ಗುಳ್ಳೆ ಮತ್ತೆ ಎಡಕ್ಕೆ. ನಿನ್ನೆ ಸಂಜೆ ಸರಿಯಾಗಿ ನಡುವೆ ನಿಲ್ಲಿಸಿದ್ದೆ. ಜ್ಯಾಕ್ ಕೆಳಗಿನ ಹಲಗೆ ಮಣ್ಣಿಗೆ ಇಳಿದಿದೆ. ಹಿನ್ನೀರು ಈಗಷ್ಟೇ ಬಿಟ್ಟುಕೊಟ್ಟ ನೆಲ, ಮೇಲೆ ಹುಲ್ಲು, ಒಳಗೆ ಇನ್ನೂ ಕೆಸರು. ಎರಡು ಸುತ್ತು ಏರಿಸಿದೆ. ಗುಳ್ಳೆ ನಡುವೆ ಬಂತು. ಫ್ರಿಡ್ಜ್ ಮುಟ್ಟಿ ನೋಡಿದೆ. ತಣ್ಣಗಿಲ್ಲ. ಗಾಡಿ ಸಮ ನಿಲ್ಲದಿದ್ದರೆ ಈ ಫ್ರಿಡ್ಜ್ ತಂಪೇ ಮಾಡುವುದಿಲ್ಲ. ಮ್ಯಾನ್ಯುಯಲ್ ಓದಿದವಳು ನಾನೊಬ್ಬಳೇ.

ಹತ್ತುವ ಮೆಟ್ಟಿಲ ಮೇಲೆ ಯಾರು ಕಾಲಿಟ್ಟರೂ ಗುಳ್ಳೆ ಅಲುಗುತ್ತದೆ. ಬೆಕ್ಕಿಗೆ ಇಲ್ಲ. ಮೇಲಿನ ಮನೆಯ ಕುಮುದಾಗೆ ಒಂದು ಕೂದಲಷ್ಟು. ಶ್ರೀಕರ ಚಿಕ್ಕಪ್ಪ ಹತ್ತಿದರೆ ಗೆರೆ ದಾಟುತ್ತದೆ. ಬಾಗಿಲು ಬಡಿಯುವ ಮೊದಲೇ ನನಗೆ ಗೊತ್ತಾಗುತ್ತದೆ. ಇದೊಂದು ಸಮಾಧಾನ.

ಸಾಗರದಿಂದ ಚಿಕ್ಕಪ್ಪನ ಫೋನ್. "ಎಂತಾ ಆತೇ ಕೂಸೆ, ಫ್ರಿಡ್ಜು? ಇಂಜಿನಿಯರಿಂಗ್ ಓದದು ಬರೀ ಸುಳ್ಳಾ?"

ಮೊದಲ ಸೆಮ್ ಮುಗಿದಿದೆ, ಅಷ್ಟೇ. ರಿಸಲ್ಟ್ ಕೂಡ ಬಂದಿಲ್ಲ. ತೀರ್ಥಹಳ್ಳಿಯ ಮನೆಯಲ್ಲಿ ಕೂತು ಉಗುರು ಕಚ್ಚುವುದಕ್ಕಿಂತ ಚಿಕ್ಕಪ್ಪನಿಗೆ ಸಹಾಯ ಮಾಡು ಅಂತ ಅಮ್ಮ ಕಳಿಸಿದಳು. ಸಿನಿಮಾದವರು ಬಿಟ್ಟುಹೋದ ಈ ಕ್ಯಾರವಾನನ್ನು ಚಿಕ್ಕಪ್ಪ ಬೊಲೆರೊಗೆ ಕಟ್ಟಿ ಎಳೆದು ತಂದು ಹೊಸನಗರದ ಈಚೆ, ಹಿನ್ನೀರಿನ ದಡದಲ್ಲಿ ನಿಲ್ಲಿಸಿದ್ದಾರೆ. ಶನಿವಾರ ಬಂದು ಭಾನುವಾರ ಹೋಗುವ ಗೆಸ್ಟ್‌ಗಳು. ಇಂಗ್ಲಿಷ್ ಮಾತಾಡುವುದಕ್ಕೆ ಒಬ್ಬಳು ಬೇಕಿತ್ತು. ಸಿಕ್ಕಿದೆ.

ಊಟ ದಡದ ಮೇಲಿನ ಮನೆಯ ಹಾಲಮ್ಮನದು. ನಾಲ್ಕು ಹಸು, ಗೋಬರ್ ಗ್ಯಾಸ್, ಒಬ್ಬಳೇ ಮಗಳು. ಚಿಕ್ಕಪ್ಪನ ಬೋರ್ಡಿನಲ್ಲಿ ದೊಡ್ಡದಾಗಿ ಬರೆಸಿದೆ — ಗೋಬರ್ ಗ್ಯಾಸಿನ ಮೇಲೆ ಬೇಯಿಸಿದ ಹಳ್ಳಿ ಊಟ. ಗೆಸ್ಟ್ ಇದ್ದಾಗ ನಾನು ಮಲಗುವುದು ಅವರ ಮನೆಯಲ್ಲಿ, ಮಗಳು ಕುಮುದಾಳ ಚಾಪೆಯ ಪಕ್ಕ.


ಫೆಬ್ರವರಿ 9, ಭಾನುವಾರ. ಮಧ್ಯಾಹ್ನ 2

ಟಾಯ್ಲೆಟ್‌ನ ಕೆಂಪು ಲೈಟ್ ಹತ್ತಿತ್ತು. ಅಂದರೆ ಕೆಳಗಿನ ಡಬ್ಬ ತುಂಬಿದೆ. ಕ್ಯಾಸೆಟ್ ಅನ್ನುತ್ತಾರೆ. ಸೂಟ್‌ಕೇಸ್ ಥರ, ಹಿಡಿ ಇದೆ, ಚಕ್ರ ಇದೆ. ಹೊರಗಡೆಯ ಪುಟ್ಟ ಬಾಗಿಲಿನಿಂದ ಎಳೆದು, ಅಕೇಶಿಯಾ ತೋಪು ದಾಟಿ, ಗುಡ್ಡದ ಮೇಲಿನ ಇಂಗುಗುಂಡಿಗೆ ಸುರಿಯಬೇಕು. ನಾನೂರು ಹೆಜ್ಜೆ. ಏರು. ಕಲ್ಲಿನ ಮೇಲೆ ಚಕ್ರ ಓಡುವುದಿಲ್ಲ. ಹೊರಬೇಕು.

ಹೊರಟಿದ್ದೆ. ಗೆಸ್ಟ್ ಹುಡುಗಿ, ನನ್ನಷ್ಟೇ ವಯಸ್ಸು, ನೋಡಿ ಅಮ್ಮನಿಗೆ ಇಂಗ್ಲಿಷಲ್ಲಿ ಹೇಳಿದಳು, ಪಾಪ, ಇವಳೇ ಇದನ್ನೂ ಮಾಡ್ತಾಳೆ. ಅವಳ ಅಮ್ಮ ಮೂಗು ಮುಚ್ಚಿಕೊಂಡು ನಕ್ಕರು. ನನಗೆ ಇಂಗ್ಲಿಷ್ ಬರುತ್ತದೆ ಅಂತ ನಿನ್ನೆಯಿಂದ ಗೊತ್ತಿದ್ದೂ.

ತೋಪಿನ ಮರೆಗೆ ಹೋದೆ. ಅಲ್ಲೇ ಹಾಲಮ್ಮನ ಸಗಣಿ ಕಲೆಸುವ ತೊಟ್ಟಿ. ಗೋಬರ್ ಗ್ಯಾಸಿನ ಬಾಯಿ. ಹತ್ತಿರ ಯಾರೂ ಇಲ್ಲ. ಸಗಣಿ ಹೋಗುವ ಜಾಗ ತಾನೆ. ಇದೂ ಅದೇ ಜಾತಿ.

ಸುರಿದೆ. ಒಂದು ಕೊಡ ನೀರು ಬಿಟ್ಟೆ. ಗುಳುಗುಳು ಅಂತ ಇಳಿದು ಹೋಯಿತು. ಎರಡು ನಿಮಿಷ.

ಖಾಲಿ ಕ್ಯಾಸೆಟ್‌ಗೆ ನೀಲಿ ಔಷಧಿ ಹಾಕಿದೆ. ಒಳಗಿರುವುದೆಲ್ಲ ಸತ್ತು, ವಾಸನೆ ಏಳದ ಹಾಗೆ ಮಾಡುವುದು ಇದೇ. ಒಂದು ಮುಚ್ಚಳ ಸಾಕು ಅಂತ ಬಾಟಲಿ ಮೇಲೆ ಇದೆ. ನಾನು ಯಾವಾಗಲೂ ನಾಲ್ಕು ಹಾಕುತ್ತೇನೆ. ಮತ್ತೆ ಯಾರೂ ಮೂಗು ಮುಚ್ಚಿಕೊಳ್ಳಬಾರದು.


ಫೆಬ್ರವರಿ 13, ಗುರುವಾರ

ವಾರದ ನಡುವೆಯೂ ಗೆಸ್ಟ್, ಆರು ಜನ. ಕ್ಯಾಸೆಟ್ ದಿನಕ್ಕೊಂದು ಸಲ. ಎಲ್ಲ ತೊಟ್ಟಿಗೇ. ಹಾಲಮ್ಮ ಸೊಪ್ಪಿಗೆ ಹೋದ ಹೊತ್ತು ನೋಡಿಕೊಂಡು. ಈಗ ಒಂದೂವರೆ ನಿಮಿಷ.

ಗಾಡಿಯ ನೀರಿನ ಪಂಪ್ ತಾನಾಗಿಯೇ ಓಡುತ್ತಿತ್ತು. ಎಲ್ಲೋ ಗಾಳಿ ಎಳೀತಿದೆ. ಫಿಲ್ಟರ್ ಮುಚ್ಚಳ ಬಿಗಿ ಮಾಡಿದೆ, ನಿಂತಿತು. ಚಿಕ್ಕಪ್ಪನಿಗೆ ಹೇಳಿದೆ. "ಹೂಂ" ಅಂದರು. ಅಷ್ಟೇ.

ಕಾಲೇಜಿಗೆ ಹೊರಟ ಕುಮುದಾ ಜಡೆ ಹಾಕಿಕೊಳ್ಳುತ್ತಾ, "ವಿನಯಕ್ಕ, ಗೋಬರ್ ಗುಂಡೀಲಿ ಎಂತದೋ ನೀಲಿ ನೊರೆ ಬಂದಿತ್ತು" ಅಂದಳು.

"ಸೋಪ್ ನೀರಿರಬೇಕು."

"ಹಂಗೇ ಇರ್ಬೇಕು" ಅಂದಳು. ನಾನು ಹೇಳಿದರೆ ನಂಬುತ್ತಾಳೆ. ಆಮೇಲೆ ಕೇಳಿದಳು, "ಹಾಸ್ಟೆಲಲ್ಲಿ ಅಳ್ತಾರಾ?"

"ಮೊದಲ ವಾರ."

"ಆಮೇಲೆ?"

"ಆಮೇಲೆ ಹೊಸದಾಗಿ ಬಂದವರನ್ನ ಅಳಿಸ್ತಾರೆ."

ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.


ಫೆಬ್ರವರಿ 22, ಶನಿವಾರ. ಬೆಳಿಗ್ಗೆ 11

ಒಂಬತ್ತು ದಿನ ಬರೆದಿಲ್ಲ. ಬರೆಯುವಂಥದ್ದು ಏನೂ ಆಗಿರಲಿಲ್ಲ.

ಹಾಲಮ್ಮನ ಒಲೆ ಮೂರು ದಿನದಿಂದ ಹಳದಿ ಉರಿಯುತ್ತಿತ್ತಂತೆ. ನಿನ್ನೆ ಗೋಲಿಯಷ್ಟು. ಇವತ್ತು ಇಲ್ಲ. ಎಂಟು ಗಂಟೆಗೆ ಮೆಟ್ಟಿಲು ಹತ್ತಿ ಬಂದಳು.

"ವಿನಯಮ್ಮ, ಒಂಚೂರು ಬಂದು ನೋಡ್ತೀರಾ? ಹತ್ತಾ ಇಲ್ಲ. ನೀವು ಓದಿದೋರು. ಹನ್ನೆರಡು ವರ್ಷ ಆತು, ಒಂದು ದಿನ ಕೈ ಕೊಟ್ಟಿರ್ಲಿಲ್ಲ."

ಹೋದೆ. ಬರ್ನರ್‌ನ ತೂತುಗಳಿಗೆ ಪಿನ್ ಹಾಕಿದೆ. ಪೈಪಿನಲ್ಲಿ ನಿಂತ ನೀರು ಬಿಟ್ಟೆ. ಕೀಲುಗಳಿಗೆ ಸೋಪ್ ನೊರೆ ಹಚ್ಚಿ ಲೀಕ್ ನೋಡಿದೆ. ಕೈ ತಾನಾಗಿ ಎಲ್ಲ ಮಾಡುತ್ತಿತ್ತು, ಮ್ಯಾನ್ಯುಯಲ್‌ನಲ್ಲಿ ಇದ್ದ ಹಾಗೇ. ಎಲ್ಲ ಸರಿ ಇತ್ತು. ಆಗ ಹೊಳೆಯಿತು. ಗ್ಯಾಸ್ ಮಾಡುವುದು ಸಗಣಿಯೊಳಗಿನ ಹುಳ. ಕಣ್ಣಿಗೆ ಕಾಣದ್ದು. ಔಷಧಿ ಇರುವುದೇ ಅದನ್ನು ಸಾಯಿಸುವುದಕ್ಕೆ. ಹನ್ನೆರಡು ದಿನ, ಹತ್ತಿಪ್ಪತ್ತು ಕ್ಯಾಸೆಟ್, ಒಂದೊಂದಕ್ಕೆ ನಾಲ್ಕು ಮುಚ್ಚಳ.

ಹಾಲಮ್ಮ, ಕುಮುದಾ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

ಆರನೇ ಕ್ಲಾಸಿನ ಹಾಸ್ಟೆಲ್‌ನಲ್ಲೇ ಕಲಿತದ್ದು — ವಾರ್ಡನ್ "ಯಾರು?" ಅಂದಾಗ ಸುಮ್ಮನಿರುವವರು ಸಿಕ್ಕಿಬೀಳುತ್ತಾರೆ. ಮೊದಲು ಪ್ರಶ್ನೆ ಕೇಳುವವರು ಬಚಾವ್.

ಕೇಳಿದೆ, "ಕೊಟ್ಟಿಗೆಗೆ ಯಾರಾದ್ರೂ ಫಿನೈಲ್ ಹಾಕಿದ್ರಾ?"

ಹಾಲಮ್ಮ ತಿರುಗಿದಳು. "ಏಯ್ ಕುಮುದಾ. ಕರ ಕಟ್ಟೋ ಜಾಗಕ್ಕೆ ಎಂತ ಹಾಕ್ದೆ ನೀನು?"

"ಒಂದೇ ಒಂದು ಮುಚ್ಚಳ ಕಣವ್ವ. ನೊಣ ಅಂತ..."

"ಅದೇ ಇರಬೇಕು" ಅಂದೆ. ಒಂದು ಮುಚ್ಚಳ ಫಿನೈಲಿಗೆ ಏನೂ ಆಗುವುದಿಲ್ಲ. ಗೊತ್ತಿತ್ತು. ಹೇಳುವಾಗಲೇ ಗೊತ್ತಿತ್ತು.

ಹಾಲಮ್ಮನ ಕೈಯಲ್ಲಿ ಊದುಗೊಳವೆ ಇತ್ತು, ಸೌದೆ ಒಲೆ ಹಚ್ಚುವುದಕ್ಕೆ ಹೊರಟಿದ್ದಳು. ಅದರಲ್ಲೇ ಬಾರಿಸಿದಳು. ಬೆನ್ನಿಗೆ, ಮೂರು. ಕುಮುದಾ ಕೂಗಲಿಲ್ಲ. "ಒಂದೇ ಮುಚ್ಚಳ ಕಣವ್ವ" ಅಂತ ಮತ್ತೆ ಹೇಳಿದಳು, ಲೆಕ್ಕ ಸರಿಯಾದರೆ ಹೊಡೆತ ನಿಲ್ಲುತ್ತದೆ ಅನ್ನುವ ಹಾಗೆ.

ಹಾಲಮ್ಮ ನನಗೆ ಕೈ ಮುಗಿದಳು. "ನೀವಿರದಿದ್ರೆ ಗೊತ್ತೇ ಆಗ್ತಿರ್ಲಿಲ್ಲ."


ಫೆಬ್ರವರಿ 23, ಭಾನುವಾರ. ಸಂಜೆ 5

ಊಟ ಬಂದಾಗ ಮೂರು ಗಂಟೆ ಹದಿನೈದು. ಸೌದೆ ಹಸಿ. ಸಾರಿಗೆ ಹೊಗೆ ವಾಸನೆ. ಗೆಸ್ಟ್‌ಗಳ ಮಕ್ಕಳು ಬಿಸ್ಕೆಟ್ ತಿಂದು ಮಲಗಿಬಿಟ್ಟಿದ್ದವು.

ಚಿಕ್ಕಪ್ಪ ಎಲ್ಲರೆದುರೇ ಶುರು ಮಾಡಿದರು. "ಹಾಲಮ್ಮ, ಬೋರ್ಡಲ್ಲಿ ಏನಿದೆ? ಗೋಬರ್ ಗ್ಯಾಸ್ ಊಟ. ಗ್ಯಾಸ್ ಎಲ್ಲಿದೆ? ಬೋರ್ಡ್ ಕಿತ್ತು ಒಲೆಗೆ ಹಾಕ್ತೀರಾ? ಸೌದೆನಾದ್ರೂ ಆಗುತ್ತೆ."

ಗೆಸ್ಟ್ ಒಬ್ಬರು ನಕ್ಕರು.

"ಹದಿನೈದು ದಿನ ಕೊಡಿ ಹೆಗಡೇರೆ. ಹುಡುಗಿ ತಪ್ಪು ಮಾಡಿದಾಳೆ. ಗುಂಡಿ ತೆಗ್ದು ಹೊಸ ಸಗಣಿ ತುಂಬ್ತೀವಿ."

"ತುಂಬಿ. ಉರಿ ಬಂದ್ಮೇಲೆ ನೋಡಣ. ಅಲ್ಲೀವರೆಗೆ ಹೊಸನಗರದಿಂದ ಊಟದ ಡಬ್ಬ ತರಿಸ್ತೀನಿ. ಇನ್ನೊಂದು ಜಾಗದೋರೂ ಕೇಳ್ತಿದಾರೆ ನನ್ನ. ಗಾಡಿಗೆ ಚಕ್ರ ಇದೆ, ನೆನಪಿರ್ಲಿ."

ಹಾಲಮ್ಮ ಪಾತ್ರೆ ಎತ್ತಿಕೊಂಡು ಹೋದಳು. ಅರ್ಧ ಹಾಗೇ ಉಳಿದಿತ್ತು. ನನ್ನ ಎಲೆಗೆ ಮಾತ್ರ ಮೀನಿನ ಬದಲು ಬೇರೆ ಪಾತ್ರೆಯ ಪಲ್ಯ ಬಡಿಸಿದ್ದಳು, ಮರೆಯದೆ. ನಾನು ಪೂರ್ತಿ ಉಂಡೆ.


ಫೆಬ್ರವರಿ 26, ಬುಧವಾರ

ಈಗ ಕ್ಯಾಸೆಟ್ ಗುಡ್ಡಕ್ಕೇ ಹೊರುತ್ತೇನೆ. ನಾನೂರು ಹೆಜ್ಜೆ ಏನೂ ಅಲ್ಲ. ಏನೂ ಅಲ್ಲ. ಏಳು ನಿಮಿಷ.

ಹಾಲಮ್ಮನ ಅಣ್ಣ ವಾಸಪ್ಪ ಬಂದು ನೋಡಿದ. ಒಳಗಿಳಿಯಬೇಡಿ, ಸಾಯ್ತೀರಿ, ಹೊರಗಿನ ಗುಂಡಿಯಿಂದಲೇ ಎಷ್ಟಾಗುತ್ತೋ ಅಷ್ಟು ಮೊಗೆದು ಹಾಕಿ ಅಂದ. ಮೊಗೆಯುವುದು ಕುಮುದಾ. "ಹಾಳ್ ಮಾಡ್ದೋಳೇ ತೆಗೀಲಿ" ಅಂತ ಹಾಲಮ್ಮ. ಮೂರು ದಿನದಿಂದ ಕಾಲೇಜಿಗೆ ಕಳಿಸಿಲ್ಲ. ಮೊಣಕೈವರೆಗೆ ಬಗ್ಗಡ. ಒಂದು ಬಕೆಟ್, ಇನ್ನೊಂದು ಬಕೆಟ್. ಬೆನ್ನು ಬಗ್ಗಿಸುವಾಗ ಹಲ್ಲು ಕಚ್ಚುತ್ತಾಳೆ.

ಬೆನ್ನಿಗೆ ಹಚ್ಚುವುದಕ್ಕೆ ಮುಲಾಮು ಕೊಟ್ಟೆ. ರವಿಕೆ ಸರಿಸಿ ತೋರಿಸಿದಳು. ಮೂರು ಗೆರೆ. ನಾನೇ ಹಚ್ಚಿದೆ. "ನಿಮ್ ಕೈ ತಣ್ಣಗಿದೆ ವಿನಯಕ್ಕ, ಹಾಯ್ ಅನ್ಸುತ್ತೆ" ಅಂದಳು.

ಹೇಳಬೇಕು. ಮೊದಲು ಯಾರಿಗೆ? ಹಾಲಮ್ಮನಿಗೆ ಹೇಳಿದರೆ ಚಿಕ್ಕಪ್ಪನಿಗೆ. ಚಿಕ್ಕಪ್ಪನಿಗೆ ಹೇಳಿದರೆ ಅಮ್ಮನಿಗೆ. ಅಮ್ಮನಿಗೆ ಹೇಳಿದರೆ...

ಗ್ಯಾಸ್ ಹೇಗೂ ಬರುತ್ತದೆ. ಹೊಸ ಸಗಣಿ ಬಿದ್ದಮೇಲೆ ಬಂದೇ ಬರುತ್ತದೆ. ಆಗ ಹೇಳಿದರೂ ಒಂದೇ.


ಮಾರ್ಚ್ 1, ಶನಿವಾರ. ಸಂಜೆ 4.40

ಈಗಲೇ ಬರೆದುಬಿಡುತ್ತೇನೆ.

ಗೆಸ್ಟ್ ಬಂದಿದ್ದರು, ಕೆಂಪು ಲೈಟ್ ಹತ್ತಿತು. ನಾನು ಎಳೆಯುತ್ತಿದ್ದೆ. ಚಿಕ್ಕಪ್ಪ ಬೊಲೆರೊದಿಂದಲೇ ಕೂಗಿದರು, "ನೀ ಎಂತಕ್ಕೆ ಹೊರ್ತೆ? ಗೆಸ್ಟ್ ಹತ್ರ ಮಾತಾಡು. ಆ ಕೂಸಿಗೆ ಹೇಳು, ತಗಂಡು ಹೋಗ್ತು. ಹೆಂಗಿದ್ರೂ ಸಗಣೀಲೇ ಇದ್ದು ಅದು."

ಕುಮುದಾಗೆ ಕೇಳಿಸಿತು. ಬಕೆಟ್ ಇಟ್ಟು ಬಂದಳು. ಕ್ಯಾಸೆಟ್ ಹೊತ್ತಳು. ನಾನು ಹಿಂದೆ ನಡೆದೆ, ದಾರಿ ತೋರಿಸುವ ನೆಪದಲ್ಲಿ. ಬೇಡ ಅನ್ನಬಹುದಿತ್ತು. ಅವಳ ಕೈಯಿಂದ ಕಿತ್ತುಕೊಳ್ಳಬಹುದಿತ್ತು.

ಇಂಗುಗುಂಡಿಯ ಹತ್ತಿರ ಮುಚ್ಚಳ ತಿರುಗಿಸಿ ಬಗ್ಗಿಸಿದಳು. ಬಂತು. ನೀಲಿ.

ಪೂರ್ತಿ ಖಾಲಿಯಾಗುವವರೆಗೂ ನೋಡಿದಳು. ಅಂಚಿನಲ್ಲಿ ನೊರೆ ನಿಂತಿತು. ಬೆರಳಲ್ಲಿ ತೆಗೆದು ಮೂಸಿದಳು.

"ಆವತ್ತಿನ ನೊರೆ."

"ಸೋಪ್ ಅದು."

"ಸೋಪಿಗೆ ಈ ವಾಸನೆ ಇರಲ್ಲ. ಎರಡು ವಾರ ಗುಂಡೀಲಿ ಇದೇ ವಾಸನೆ ಬಂದಿದೆ. ವಾರಪೂರ್ತಿ ಮೊಗೀತಾ ಇದೀನಲ್ಲ, ನಂಗೆ ಗೊತ್ತು." ನಿಧಾನಕ್ಕೆ ಹೇಳಿದಳು, ಹೇಳುತ್ತಾ ಹೇಳುತ್ತಾ ಅವಳಿಗೇ ಗೊತ್ತಾಗುತ್ತಿದೆ ಅನ್ನುವ ಹಾಗೆ. "ನೀವಾ? ಅವ್ವ ಹೊಡೀವಾಗ ಅಲ್ಲೇ ಇದ್ರಿ. ಮುಲಾಮು ಹಚ್ಚಿದ್ರಿ."

ನಾನು ಅಳಬಹುದಿತ್ತು. ತಪ್ಪಾಯಿತು ಅನ್ನಬಹುದಿತ್ತು. ಬಂದದ್ದು ಇದು:

"ಹೇಳು ಹೋಗು. ಯಾರು ನಂಬ್ತಾರೆ? ನಿಮ್ಮವ್ವನೇ ನಿನ್ನ ನಂಬಲಿಲ್ಲ."

ನನ್ನ ಧ್ವನಿಯೇ. ನಡುಗಲೂ ಇಲ್ಲ.

ಕುಮುದಾ ಕ್ಯಾಸೆಟನ್ನು ನೆಲಕ್ಕಿಟ್ಟಳು. "ತೊಳ್ಕಂಡು ತಗಂಡ್ ಬನ್ನಿ" ಅಂದಳು. ಹೊರಟುಹೋದಳು. ತೊಳೆದು ಮುಚ್ಚುವುದಕ್ಕೆ ನೋಡಿದರೆ ಮುಚ್ಚಳ ಇಲ್ಲ. ಅವಳ ಮುಷ್ಟಿಯಲ್ಲೇ ಇತ್ತು. ಸಿನಿಮಾದವರ ಕಾಲದಿಂದ ನೀಲಿ ಕೂತಿರುವ ಮುಚ್ಚಳ, ಉಜ್ಜಿದರೂ ಹೋಗದು.


ಮಾರ್ಚ್ 2, ಭಾನುವಾರ. ಬೆಳಿಗ್ಗೆ 10.25

ನಿನ್ನೆ ಅವರ ಮನೆಗೆ ಮಲಗಲು ಹೋಗಲಿಲ್ಲ. ಬೊಲೆರೊದ ಹಿಂದಿನ ಸೀಟು. ಗೆಸ್ಟ್ ಒಂಬತ್ತಕ್ಕೇ ಹೊರಟರು, ವಾಸನೆ ಅಂದರು. ಕ್ಯಾಸೆಟ್ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿದ್ದೆ. ನಿಲ್ಲಲಿಲ್ಲ. ಚಿಕ್ಕಪ್ಪ ಅವರ ಕಾರಿನ ಹಿಂದೆಯೇ ಹೊಸನಗರಕ್ಕೆ ಹೋದರು, ಹೊಸ ಮುಚ್ಚಳ ಸಿಗುತ್ತಾ ನೋಡಲು. ಹೇಗೆ ಕಳೆಯಿತು ಅಂದರು. ಕುಮುದಾ ಕಳೆದಳು ಅಂದೆ.

ಅದೂ ಸುಳ್ಳಲ್ಲ.

ಎಂಟೂವರೆಯಿಂದ ಮೇಲಿನ ಮನೆಯಲ್ಲಿ ಹಾಲಮ್ಮನ ಧ್ವನಿ. ಏರಿತು, ಇಳಿಯಿತು. ಈಗ ಇಲ್ಲ. ಹೊಡೆದ ಸದ್ದು ಕೇಳಿಸಲಿಲ್ಲ. ಅದೇ ಹೆದರಿಕೆ.

ಏನು ಹೇಳಬೇಕು ಅಂತ ಮೂರು ಥರ ಬರೆದು ನೋಡಿದೆ. ಒಂದು: ಗೊತ್ತಿರಲಿಲ್ಲ. ಸರಿ, ಆದರೆ ಕದ್ದು ಸುರಿದದ್ದೇಕೆ? ಎರಡು: ಗೊತ್ತಾದ ಕೂಡಲೇ ನಿಲ್ಲಿಸಿದೆ. ನಿಜ, ಆದರೆ ಹೇಳಲಿಲ್ಲ. ಮೂರು: ಚಿಕ್ಕಪ್ಪನೇ ಅಲ್ಲಿ ಸುರಿ ಅಂದಿದ್ದರು. ಇದು ಚೆನ್ನಾಗಿದೆ. ಇದನ್ನು ಎಲ್ಲರೂ ನಂಬುತ್ತಾರೆ. ಚಿಕ್ಕಪ್ಪನ ಮೇಲೆ ಹಾಲಮ್ಮನಿಗೆ ಹೇಗೂ ಸಿಟ್ಟು—

ಗುಳ್ಳೆ ಅಲುಗಿತು. ಕೂದಲಷ್ಟು.

ಮತ್ತೆ ಅಲುಗಿತು. ಇನ್ನೊಬ್ಬರು ಹತ್ತಿದರು. ಗೆರೆ ದಾಟಿ ನಿಂತಿದೆ. ಬಾಗಿಲು ಬಡಿಯುತ್ತಿಲ್ಲ.

"ವಿನಯಮ್ಮ." ಹಾಲಮ್ಮ. ಮೆತ್ತಗೆ, ಆವತ್ತು ಕರೆದ ಹಾಗೇ. "ಇದೊಂದು ಮುಚ್ಚಳ ಸಿಕ್ಕಿದೆ. ಎಂತದ್ದು ಅಂತ ಒಂಚೂರು ನೋಡಿ ಹೇಳ್ತೀರಾ? ನೀವು ಓದಿದೋರು."

ಚಿಕ್ಕಪ್ಪನೇ ಸುರಿ ಅಂದದ್ದು ಅಂತ ಹೇಳ—